ಗಿಗ್‌ಗೆ ಎಷ್ಟು ವ್ಯಾಟ್ ಆಂಪ್ ಬೇಕು? 100 ಅನ್ನೋ ಮುಂಚೆ ಇದನ್ನ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಉಪಶೀರ್ಷಿಕೆಗಳನ್ನು ಸೇರಿಸಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ, ವಾಲ್ಯೂಮ್ ಒಂದೆರಡು ಪಾಯಿಂಟ್ ಕಮ್ಮಿ ಮಾಡ್ಕೊಳ್ಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಇವತ್ತಿನ ವಿಷಯ ಒಬ್ಬ ಕೇಳುಗರ ಮೆಸೇಜ್‌ನಿಂದ ಬಂದದ್ದು. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿದೆ. ನಾಲ್ಕು ಜನರ ಬ್ಯಾಂಡ್, ಡ್ರಮ್ಸ್ ಇದೆ. ಇಷ್ಟು ದಿನ ಮನೆಯಲ್ಲಿರೋ 10 ವ್ಯಾಟ್‌ನ ಪುಟ್ಟ ಪ್ರಾಕ್ಟೀಸ್ ಆಂಪ್‌ನಲ್ಲೇ ನಡೀತಿತ್ತು. ಈಗ ಕೆಫೆ, ಪಬ್, ಕಾಲೇಜ್ ಫೆಸ್ಟ್ ಅಂತ ಕರೆ ಬರ್ತಾ ಇದೆ. ಪ್ರಶ್ನೆ ಹೀಗಿದೆ: "100 ವ್ಯಾಟ್ ಆಂಪ್ ಇಎಂಐನಲ್ಲಿ ತಗೊಳ್ಳೋಣ ಅಂತಿದೀನಿ. ಒಂದ್ಸಲ ತಗೊಂಡ್ರೆ ಎಲ್ಲಾ ಗಿಗ್‌ಗೂ ಆಗುತ್ತಲ್ವಾ?"

ಒಂದು ವರ್ಷದ ಇಎಂಐ ಅಂದ್ರೆ ಆ ವರ್ಷ ಬ್ಯಾಂಡ್ ದುಡಿಯೋದೆಲ್ಲ ಒಂದು ಪೆಟ್ಟಿಗೆಗೆ ಹೋಯ್ತು ಅಂತ. ಆ ಪೆಟ್ಟಿಗೆ ಬೇಕಾದದ್ದಾ ಬೇಡದ್ದಾ ಅಂತ ಮೊದಲೇ ಲೆಕ್ಕ ಹಾಕೋದು ಒಳ್ಳೇದು. ನಾನು ಓದಿದ್ದು ಬಿಕಾಂ, ಲೆಕ್ಕ ಹಾಕೋ ಚಟ ಹೋಗಿಲ್ಲ. ಹಾಗಾಗಿ ಇವತ್ತು ಆಂಪ್‌ನ ಲೆಕ್ಕಪತ್ರ ಬಿಚ್ಚೋಣ.

ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ: ಕಾರ್ಯಕ್ರಮ ದೊಡ್ಡದಾದಷ್ಟೂ ನಿಮ್ಮ ಆಂಪ್‌ನ ಕೆಲಸ ಚಿಕ್ಕದಾಗುತ್ತೆ. ಕೇಳೋಕೆ ಉಲ್ಟಾ ಅನ್ಸುತ್ತೆ. ಯಾಕೆ ಹೀಗೆ ಅಂತ ಒಂದೊಂದಾಗಿ ನೋಡೋಣ. ಇಲ್ಲಿ ಹೇಳೋದೆಲ್ಲ ಎಲೆಕ್ಟ್ರಿಕ್ ಗಿಟಾರ್‌ಗೆ ಮಾತ್ರ. ಬೇಸ್ ಗಿಟಾರ್‌ನ ಲೆಕ್ಕವೇ ಬೇರೆ. ಕೆಳಗಿನ ಸ್ವರಗಳನ್ನ ಜೋರಾಗಿ ಕೇಳಿಸೋಕೆ ಎಷ್ಟೋ ಪಟ್ಟು ಹೆಚ್ಚು ವ್ಯಾಟ್ ಬೇಕು. ನಿಮ್ಮ ಬೇಸಿಸ್ಟ್ 300 ವ್ಯಾಟ್ ತಂದ ಅಂತ ನೀವು ಪೈಪೋಟಿಗೆ ಇಳಿಯೋದು ಬೇಡ.

100 ವ್ಯಾಟ್ ಎಲ್ಲಿಂದ ಬಂತು?

1965ಕ್ಕೆ ಹೋಗೋಣ, ಲಂಡನ್ನಿಗೆ. ಹ್ಯಾನ್‌ವೆಲ್ ಅನ್ನೋ ಬಡಾವಣೆಯಲ್ಲಿ ಜಿಮ್ ಮಾರ್ಷಲ್ ಅಂತ ಒಬ್ಬರು ಸಂಗೀತ ಉಪಕರಣಗಳ ಅಂಗಡಿ ಇಟ್ಟಿದ್ರು. ಸ್ವತಃ ಡ್ರಮ್ಮರ್. ಆ ಅಂಗಡಿಗೆ ಬರ್ತಿದ್ದವರಲ್ಲಿ 'ದಿ ಹೂ' ಬ್ಯಾಂಡ್‌ನ ಪೀಟ್ ಟೌನ್‌ಶೆಂಡ್ ಒಬ್ಬರು. ಇರೋ ಆಂಪ್ ಸಾಲಲ್ಲ, ಇನ್ನೂ ಜೋರಾಗಿರೋದು ಬೇಕು ಅಂತ ಅವರ ಬೇಡಿಕೆ. ಅದರಿಂದ ಹುಟ್ಟಿದ್ದೇ ಮಾರ್ಷಲ್‌ನ 100 ವ್ಯಾಟ್ ಆಂಪ್. ಅದಕ್ಕೆ ಮೊದಲು ಎಂಟು ಸ್ಪೀಕರ್‌ನ ಒಂದೇ ದೊಡ್ಡ ಪೆಟ್ಟಿಗೆ ಮಾಡಿದ್ರು. ಅದನ್ನ ಹೊರೋಕೆ ಹುಡುಗರ ಕೈಲಿ ಆಗ್ಲಿಲ್ಲ. ಆಮೇಲೆ ನಾಲ್ಕು ನಾಲ್ಕು ಸ್ಪೀಕರ್‌ನ ಎರಡು ಪೆಟ್ಟಿಗೆ ಮಾಡಿ, ಒಂದರ ಮೇಲೊಂದು ಇಟ್ರು. ರಾಕ್ ಪೋಸ್ಟರ್‌ಗಳಲ್ಲಿ ನಾವು ನೋಡೋ ಆ ಕಪ್ಪು ಗೋಡೆ ಇದೇ.

ಅದೇ ವರ್ಷ ಆಗಸ್ಟ್ 15ರಂದು ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಕಾರ್ಯಕ್ರಮ. ಸುಮಾರು 55,600 ಜನ. ಅವರಿಗೆ ಅಂತಲೇ ವಾಕ್ಸ್ ಕಂಪನಿ 100 ವ್ಯಾಟ್ ಆಂಪ್‌ಗಳನ್ನ ಮಾಡಿಕೊಟ್ಟಿತ್ತು. ಹಾಡಿನ ಧ್ವನಿ ಹೋಗಿದ್ದು ಸ್ಟೇಡಿಯಂನಲ್ಲಿ ಆಟದ ಅನೌನ್ಸ್‌ಮೆಂಟ್‌ಗೆ ಬಳಸೋ ಸ್ಪೀಕರ್‌ಗಳಲ್ಲಿ. ಜನರ ಕಿರುಚಾಟದಲ್ಲಿ ಎಲ್ಲಾ ಮುಳುಗೋಯ್ತು.

ಈ ಎರಡು ಕಥೆಯಲ್ಲೂ ಗಮನಿಸಬೇಕಾದ್ದು ಒಂದೇ. ಆಗ ಗಿಟಾರ್ ಸದ್ದನ್ನ ಜನರಿಗೆ ಮುಟ್ಟಿಸೋ ಪಿಎ, ಅಂದ್ರೆ ಇಡೀ ಸಭಾಂಗಣಕ್ಕೆ ಸದ್ದು ಕೊಡೋ ಸೌಂಡ್ ಸಿಸ್ಟಮ್, ಇವತ್ತಿನ ಹಾಗೆ ಇರಲೇ ಇಲ್ಲ. ಕೊನೇ ಸಾಲಿನ ತನಕ ಆಂಪ್ ಒಂದೇ ಕೂಗಬೇಕಿತ್ತು. 100 ವ್ಯಾಟ್ ಆ ಕಾಲದ ಆ ಸಮಸ್ಯೆಗೆ ಹುಡುಕಿದ ಪರಿಹಾರ.

ಈಗ ನಮ್ಮೂರಿಗೆ ಬನ್ನಿ. 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಹಿಂದೆ ನಿಂತವರ ಎದೆ ನಡುಗಿಸಿದ್ದು ವೇದಿಕೆಯ ಎರಡೂ ಬದಿ ಇದ್ದ ಪಿಎ ಸ್ಪೀಕರ್‌ಗಳು. ಅಷ್ಟು ದೊಡ್ಡ ಮೈದಾನದಲ್ಲಿ ಗಿಟಾರಿಸ್ಟ್‌ನ ಆಂಪ್ ಎಷ್ಟೇ ವ್ಯಾಟ್ ಇದ್ರೂ ಜನರಿಗೆ ಮುಟ್ಟಿಸೋ ಕೆಲಸ ಅದರದ್ದಲ್ಲ. ಹಾಗಾಗಿ ಆಂಪ್ ತಗೊಳ್ಳೋ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ: ನನ್ನ ಗಿಟಾರ್‌ನ ಜನರ ಕಿವಿಗೆ ಮುಟ್ಟಿಸೋದು ಯಾರು, ನನ್ನ ಆಂಪಾ, ಅಲ್ಲಿರೋ ಪಿಎನಾ?

ವ್ಯಾಟ್ ಜಾಸ್ತಿ ಆದ್ರೆ ಸದ್ದು ಎಷ್ಟು ಜಾಸ್ತಿ?

ಇಲ್ಲೇ ಜಾಸ್ತಿ ಜನ ದುಡ್ಡು ಕಳ್ಕೊಳ್ಳೋದು. 50 ವ್ಯಾಟ್‌ಗಿಂತ 100 ವ್ಯಾಟ್ ಎರಡು ಪಟ್ಟು ಜೋರು ಅಂತ ಅನ್ಕೊಂಡಿರ್ತೀವಿ. ನಮ್ಮ ಕಿವಿ ಹಾಗೆ ಲೆಕ್ಕ ಹಾಕಲ್ಲ.

ಸದ್ದನ್ನ ಅಳೆಯೋದು ಡೆಸಿಬೆಲ್‌ನಲ್ಲಿ. ವ್ಯಾಟ್ ಎರಡು ಪಟ್ಟು ಮಾಡಿದ್ರೆ ಸಿಗೋದು ಬರೀ 3 ಡೆಸಿಬೆಲ್. 3 ಡೆಸಿಬೆಲ್ ಅಂದ್ರೆ "ಹೂಂ, ಸ್ವಲ್ಪ ಜಾಸ್ತಿ ಆಯ್ತು" ಅನ್ನೋವಷ್ಟು. ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸ್ಬೇಕು ಅಂದ್ರೆ 10 ಡೆಸಿಬೆಲ್ ಬೇಕು. ಅದಕ್ಕೆ ವ್ಯಾಟ್ ಹತ್ತು ಪಟ್ಟು ಆಗ್ಬೇಕು. ಅಂದ್ರೆ 10 ವ್ಯಾಟ್‌ನ ಎರಡು ಪಟ್ಟು ಜೋರು 100 ವ್ಯಾಟ್. 20 ಅಲ್ಲ.

ಪಿಯುಸಿ ಅರ್ಥಶಾಸ್ತ್ರದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ಅಂತ ಓದಿದ್ದು ನೆನಪಿದ್ಯಾ? ಮೊದಲನೇ ಹೋಳಿಗೆ ಸ್ವರ್ಗ, ಎರಡನೇದು ಚೆನ್ನಾಗಿದೆ, ಐದನೇದು ಬೇಡ. ವ್ಯಾಟ್ ಕೂಡ ಹಂಗೇ. ಮೊದಲನೇ ವ್ಯಾಟ್ ಕೊಡೋ ಸದ್ದು ನೂರನೇ ವ್ಯಾಟ್ ಕೊಡಲ್ಲ.

ಒಂದು ನಿಜವಾದ ಲೆಕ್ಕ ನೋಡಿ. ಸೆಲೆಸ್ಟಿಯನ್ ಕಂಪನಿಯ ಗ್ರೀನ್‌ಬ್ಯಾಕ್ ಅನ್ನೋ 12 ಇಂಚಿನ ಗಿಟಾರ್ ಸ್ಪೀಕರ್ ತುಂಬಾ ಪ್ರಸಿದ್ಧ. ಅದಕ್ಕೆ ಬರೀ 1 ವ್ಯಾಟ್ ಕೊಟ್ರೆ, 1 ಮೀಟರ್ ದೂರದಲ್ಲಿ 98 ಡೆಸಿಬೆಲ್ ಸದ್ದು ಬರುತ್ತೆ. ಒಂದೇ ಒಂದು ವ್ಯಾಟ್‌ಗೆ! ಮನೆಯಲ್ಲಿ ಅಷ್ಟು ಸದ್ದು ಮಾಡಿದ್ರೆ ಪಕ್ಕದ ಮನೆ ಆಂಟಿ ಬಾಗಿಲು ತಟ್ತಾರೆ. ಅಷ್ಟೇ ಎಫಿಷಿಯೆನ್ಸಿ ಇರೋ ಸ್ಪೀಕರ್‌ಗೆ 15 ವ್ಯಾಟ್ ಕೊಟ್ರೆ ಸುಮಾರು 110, 50 ವ್ಯಾಟ್ ಕೊಟ್ರೆ 115, 100 ವ್ಯಾಟ್ ಕೊಟ್ರೆ 118. ಅಂದ್ರೆ 15ರಿಂದ 100ಕ್ಕೆ ಹಾರಿದ್ರೂ ಸಿಗೋದು 8 ಡೆಸಿಬೆಲ್. ಕಿವಿಯ ಲೆಕ್ಕದಲ್ಲಿ ಎರಡು ಪಟ್ಟು ಕೂಡ ಇಲ್ಲ.

ಇನ್ನೊಂದು ಗುಟ್ಟು ಇದರಲ್ಲೇ ಇದೆ. ಅದೇ ಕಂಪನಿಯ ವಿಂಟೇಜ್ 30 ಸ್ಪೀಕರ್ 1 ವ್ಯಾಟ್‌ಗೆ 100 ಡೆಸಿಬೆಲ್ ಕೊಡುತ್ತೆ. 2 ಡೆಸಿಬೆಲ್ ಜಾಸ್ತಿ. ಅಂದ್ರೆ ಸ್ಪೀಕರ್ ಒಂದು ಬದಲಾಯಿಸಿದ್ರೆ ವ್ಯಾಟ್ ಒಂದೂವರೆ ಪಟ್ಟು ಮಾಡಿದಷ್ಟು ಫಲ. ಒಂದು ಸ್ಪೀಕರ್ ಬದಲು ಎರಡು ಇಟ್ರೆ, ಅದೇ ವ್ಯಾಟ್‌ಗೆ ಇನ್ನೂ ಸುಮಾರು 3 ಡೆಸಿಬೆಲ್. ಅಂಗಡಿಯಲ್ಲಿ "ಎಷ್ಟು ವ್ಯಾಟ್?" ಅಂತ ಕೇಳೋ ಹಾಗೆ "ಸ್ಪೀಕರ್ ಎಷ್ಟು ಇಂಚು, ಎಷ್ಟು ಇವೆ, ಸೆನ್ಸಿಟಿವಿಟಿ ಎಷ್ಟು?" ಅಂತಾನೂ ಕೇಳಿ. 6 ಅಥವಾ 8 ಇಂಚಿನ ಸ್ಪೀಕರ್ ಇರೋ ಪುಟ್ಟ ಆಂಪ್ ಡ್ರಮ್ಸ್ ಪಕ್ಕದಲ್ಲಿ ಸೊಳ್ಳೆ ಥರ ಕೇಳ್ಸೋಕೆ ಒಂದು ಕಾರಣ ವ್ಯಾಟ್, ಇನ್ನೊಂದು ಕಾರಣ ಆ ಸ್ಪೀಕರ್. ನಮ್ಮ ಕೇಳುಗರ 10 ವ್ಯಾಟ್ ಆಂಪ್‌ನ ಕಷ್ಟವೂ ಬಹುಶಃ ಇದೇ.

ಟ್ಯೂಬ್ ವ್ಯಾಟ್, ಟ್ರಾನ್ಸಿಸ್ಟರ್ ವ್ಯಾಟ್

ಅಜ್ಜನ ಕಾಲದ ವಾಲ್ವ್ ರೇಡಿಯೋ ಬಗ್ಗೆ ಕೇಳಿರ್ತೀರ. ಸ್ವಿಚ್ ಹಾಕಿದ ಮೇಲೆ ಬಿಸಿಯಾಗಿ ಮಾತಾಡೋಕೆ ಸ್ವಲ್ಪ ಹೊತ್ತು ತಗೊಳ್ತಿತ್ತು. ಆ ವಾಲ್ವೇ ಗಿಟಾರ್ ಆಂಪ್‌ನ ಟ್ಯೂಬ್. ಇನ್ನೊಂದು ಬಗೆ ಟ್ರಾನ್ಸಿಸ್ಟರ್ ಇರೋದು, ಸಾಲಿಡ್ ಸ್ಟೇಟ್ ಅಂತಾರೆ. ಈಚೆಗೆ ಬಂದಿರೋ ಡಿಜಿಟಲ್ ಮಾಡೆಲಿಂಗ್ ಆಂಪ್‌ಗಳೂ ಪವರ್ ವಿಷಯದಲ್ಲಿ ಹೆಚ್ಚುಕಮ್ಮಿ ಈ ಗುಂಪಿಗೇ ಸೇರುತ್ವೆ.

"15 ವ್ಯಾಟ್ ಟ್ಯೂಬ್ ಅಂದ್ರೆ 50 ವ್ಯಾಟ್ ಟ್ರಾನ್ಸಿಸ್ಟರ್‌ಗೆ ಸಮ" ಅನ್ನೋ ಮಾತು ಕೇಳಿರಬಹುದು. ವ್ಯಾಟ್ ಯಾವುದಾದ್ರೂ ವ್ಯಾಟೇ, ಭೌತಶಾಸ್ತ್ರದಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ಮಿತಿ ಮುಟ್ಟಿದಾಗ. ಟ್ಯೂಬ್ ಆಂಪ್ ತನ್ನ ಮಿತಿ ದಾಟಿದಾಗ ಸದ್ದು ನಿಧಾನಕ್ಕೆ ಒರಟಾಗುತ್ತೆ, ಸ್ವಲ್ಪ ಒತ್ತಿಕೊಂಡ ಹಾಗಾಗುತ್ತೆ, ಮತ್ತು ಅದು ಕೇಳೋಕೆ ಇಷ್ಟ ಆಗುತ್ತೆ. ಹಾಗಾಗಿ ಅದನ್ನ ಪೂರ್ತಿ ತಿರುಗಿಸಿ ನುಡಿಸಬಹುದು. ಟ್ರಾನ್ಸಿಸ್ಟರ್ ಆಂಪ್ ಮಿತಿಯ ತನಕ ಶುದ್ಧವಾಗಿರುತ್ತೆ, ದಾಟಿದ ಕೂಡಲೇ ಕರಕರ ಅನ್ನುತ್ತೆ. ಆದ್ದರಿಂದ ಮಿತಿಗಿಂತ ಕೆಳಗೇ ಇಟ್ಕೋಬೇಕು, ಅಂದ್ರೆ ಕೈಯಲ್ಲಿ ಒಂದಷ್ಟು ವ್ಯಾಟ್ ಉಳಿಸ್ಕೊಂಡಿರಬೇಕು. ಈ ಉಳಿಕೆಗೆ ಹೆಡ್‌ರೂಮ್ ಅಂತಾರೆ.

ಬ್ಯಾಂಕಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಟ್ಟ ಹಾಗೆ ಅನ್ಕೊಳ್ಳಿ. ನೀವು ಫಂಕ್, ಜಾಜ್, ಕ್ಲೀನ್ ಸದ್ದಿನ ಸಿನಿಮಾ ಹಾಡು ನುಡಿಸೋರಾದ್ರೆ ಬ್ಯಾಲೆನ್ಸ್ ಜಾಸ್ತಿ ಬೇಕು, ಯಾಕಂದ್ರೆ ತಂತಿ ಜೋರಾಗಿ ಮೀಟಿದ ಕ್ಷಣದಲ್ಲಿ ಸದ್ದು ಒಡೀಬಾರ್ದು. ರಾಕ್, ಬ್ಲೂಸ್ ನುಡಿಸೋರಾದ್ರೆ ಸದ್ದು ಒಡೆಯೋದೇ ಬೇಕಾದದ್ದು, ಕಮ್ಮಿ ವ್ಯಾಟ್ ಸಾಕು. ಮೆಟಲ್ ನುಡಿಸೋರು ಮಾತ್ರ ಸ್ವಲ್ಪ ಹುಷಾರು. ಡಿಸ್ಟಾರ್ಷನ್ ಮುಂಚೆಯೇ ಪ್ರೀಆಂಪ್‌ನಲ್ಲಿ ಆಗಿರುತ್ತೆ, ಕೆಳಗಿನ ತಂತಿಯ ಗುದ್ದು ಬಿಗಿಯಾಗಿ ಕೇಳೋಕೆ ಪವರ್‌ನಲ್ಲಿ ಉಳಿಕೆ ಬೇಕಾಗುತ್ತೆ.

ಯಾವ ಜಾಗಕ್ಕೆ ಎಷ್ಟು?

ಇದು ಬಹಳ ಜನ ಗಿಟಾರಿಸ್ಟ್‌ಗಳು ಅನುಸರಿಸೋ ಸ್ಥೂಲ ಲೆಕ್ಕ. ಶಾಸನ ಅಲ್ಲ.

ಮೊದಲು ಕೆಫೆ. ಹಾಡೋರು ಒಬ್ಬರು, ಗಿಟಾರ್, ಹೆಚ್ಚೆಂದ್ರೆ ಕಹೋನ್. ಜನ ಎದುರಿಗೇ ಕಾಫಿ ಕುಡೀತಾ ಮಾತಾಡ್ತಾ ಇರ್ತಾರೆ. ಇಲ್ಲಿ 5ರಿಂದ 15 ವ್ಯಾಟ್ ಟ್ಯೂಬ್, ಅಥವಾ 20ರಿಂದ 30 ವ್ಯಾಟ್ ಸಾಲಿಡ್ ಸ್ಟೇಟ್ ಧಾರಾಳ. ಇದಕ್ಕಿಂತ ದೊಡ್ಡದು ತಂದ್ರೆ ವಾಲ್ಯೂಮ್ ಒಂದರಲ್ಲೇ ಇಟ್ಟು, ಅದೂ ಜಾಸ್ತಿ ಅಂತ ಮ್ಯಾನೇಜರ್ ಕೈಲಿ ಹೇಳಿಸ್ಕೋಬೇಕು.

ಎರಡನೇದು ಪಬ್ ಅಥವಾ ಪುಟ್ಟ ಹಾಲ್, ಜೊತೆಗೆ ಪೂರ್ತಿ ಡ್ರಮ್ ಸೆಟ್. ಪಿಎ ಇದೆ, ಆದ್ರೆ ಅದರಲ್ಲಿ ಹಾಡುಗಾರರ ಮೈಕ್ ಮಾತ್ರ. ಗಿಟಾರ್ ಆಂಪ್‌ಗೆ ಮೈಕ್ ಇಲ್ಲ. ಎಲ್ಲಕ್ಕಿಂತ ಕಷ್ಟದ ಗಿಗ್ ಇದೇ. ಡ್ರಮ್ಮರ್ ಜೋರಾಗಿ ಬಾರಿಸಿದ್ರೆ 100 ಡೆಸಿಬೆಲ್ ಸುಲಭವಾಗಿ ದಾಟುತ್ತೆ, ಅದರ ಜೊತೆ ನಿಮ್ಮ ಆಂಪ್ ಒಂಟಿಯಾಗಿ ನಿಲ್ಲಬೇಕು. ಇಲ್ಲಿ 15ರಿಂದ 30 ವ್ಯಾಟ್ ಟ್ಯೂಬ್, ಅಥವಾ 50ರಿಂದ 100 ವ್ಯಾಟ್ ಸಾಲಿಡ್ ಸ್ಟೇಟ್, 12 ಇಂಚಿನ ಒಳ್ಳೆ ಸ್ಪೀಕರ್ ಜೊತೆ. ಕ್ಲೀನ್ ನುಡಿಸೋರು ಮೇಲಿನ ಅಂಕಿಯ ಕಡೆ ವಾಲಿ.

ಮೂರನೇದು ಕಾಲೇಜ್ ಫೆಸ್ಟ್, ರಾಜ್ಯೋತ್ಸವದ ವೇದಿಕೆ, ಗಣೇಶನ ಪೆಂಡಾಲ್‌ನ ಆರ್ಕೆಸ್ಟ್ರಾ. ಜನ ನೂರಾರು, ಕೆಲವು ಸಲ ಸಾವಿರಾರು. ಆದ್ರೆ ಇಲ್ಲಿ ಸೌಂಡ್ ಸಿಸ್ಟಮ್‌ನವರು ಲಾರಿಯಲ್ಲಿ ಪಿಎ ತಂದಿರ್ತಾರೆ. ನಿಮ್ಮ ಆಂಪ್ ಮುಂದೆ ಒಂದು ಮೈಕ್ ಇಡ್ತಾರೆ. ಶೂರ್ ಕಂಪನಿಯ ಎಸ್‌ಎಂ57 ಅಂತ ಒಂದು ಮೈಕ್ ಇದೆ, 1965ರಿಂದ ಮಾರುಕಟ್ಟೆಯಲ್ಲಿದೆ, ಇವತ್ತಿಗೂ ಗಿಟಾರ್ ಆಂಪ್ ಅಂದ್ರೆ ಜಗತ್ತಿನಾದ್ಯಂತ ಮೊದಲು ಕೈಗೆ ಬರೋದು ಅದೇ. ಮೈಕ್ ಇಟ್ಟ ಮೇಲೆ ನಿಮ್ಮ ಆಂಪ್ ನಿಮಗೆ ಮತ್ತು ಪಕ್ಕದವರಿಗೆ ಕೇಳಿಸಿದ್ರೆ ಸಾಕು. 15ರಿಂದ 22 ವ್ಯಾಟ್ ಟ್ಯೂಬ್, 50 ವ್ಯಾಟ್ ಸಾಲಿಡ್ ಸ್ಟೇಟ್ ಬೇಕಾದಷ್ಟಾಯ್ತು. ಎಷ್ಟೋ ದೊಡ್ಡ ಕಾರ್ಯಕ್ರಮಗಳಲ್ಲಿ ಆಯೋಜಕರೇ ಆಂಪ್ ಬಾಡಿಗೆಗೆ ತಂದಿಟ್ಟಿರ್ತಾರೆ, ಅದಕ್ಕೆ ಬ್ಯಾಕ್‌ಲೈನ್ ಅಂತಾರೆ. ಆಗ ನಿಮ್ಮ ಆಂಪ್ ಮನೆಯಲ್ಲೇ ಇರುತ್ತೆ.

ಈಗ ಮೊದಲು ಹೇಳಿದ ಮಾತು ಅರ್ಥ ಆಯ್ತಲ್ವಾ? ಜನ ಸಾವಿರ ಆದಾಗ ಆಂಪ್‌ನ ಹೊರೆ ಇಳೀತು. ಹೊರೆ ಜಾಸ್ತಿ ಇರೋದು ಆ ನಡುವಿನ, ಮೈಕ್ ಸಿಗದ, ಡ್ರಮ್ಸ್ ಇರೋ ಪುಟ್ಟ ಹಾಲ್‌ನಲ್ಲಿ. ಹಾಗಾಗಿ ನಿಮ್ಮ ಗಿಗ್‌ಗಳಲ್ಲಿ ಅತಿ ದೊಡ್ಡದನ್ನ ನೋಡಿ ಆಂಪ್ ತಗೋಬೇಡಿ. ಮೈಕ್ ಸಿಗದ ಗಿಗ್‌ಗಳಲ್ಲಿ ಅತಿ ಜೋರಾದದ್ದು ಯಾವುದೋ, ಅದಕ್ಕೆ ಸರಿಯಾಗಿ ತಗೊಳ್ಳಿ.

ಬಯಲಲ್ಲಿ ಮೈಕ್ ಇಲ್ದೆ ನುಡಿಸ್ಬೇಕಾದ್ರೆ? ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತೆ. ಆಂಪ್ ಎದುರು 1 ಮೀಟರ್‌ನಲ್ಲಿ 110 ಇದ್ದದ್ದು 8 ಮೀಟರ್‌ಗೆ 92, 16 ಮೀಟರ್‌ಗೆ 86. ವ್ಯಾಟ್ ಎರಡು ಪಟ್ಟು ಮಾಡಿ ಸಿಗೋ 3 ಡೆಸಿಬೆಲ್ ಇದರ ಮುಂದೆ ಎಲ್ಲಿ ಸಾಲುತ್ತೆ? ಅಲ್ಲಿ ಬೇಕಾಗಿರೋದು ಒಂದು ಮೈಕ್, ಒಂದು ಸ್ಟ್ಯಾಂಡ್, ಮಿಕ್ಸರ್‌ನಲ್ಲಿ ಒಂದು ಖಾಲಿ ಚಾನೆಲ್. ಹೊಸ ಆಂಪ್‌ನ ಬೆಲೆಯ ಒಂದು ಚೂರಲ್ಲಿ ಮೈಕ್ ಬರುತ್ತೆ.

ಸದ್ದು ಹೋಗೋದು ಮೊಣಕಾಲಿಗೆ

"ನಂಗೆ ನನ್ನ ಗಿಟಾರೇ ಕೇಳ್ಸಲ್ಲ, ಅದಕ್ಕೇ ದೊಡ್ಡ ಆಂಪ್ ಬೇಕು." ಈ ದೂರು ತುಂಬಾ ಸಾಮಾನ್ಯ. ಇದಕ್ಕೆ ಪುಕ್ಕಟೆ ಪರಿಹಾರ ಇದೆ.

ಗಿಟಾರ್ ಸ್ಪೀಕರ್‌ನಿಂದ ತೀಕ್ಷ್ಣವಾದ ಸದ್ದು ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತೆ. ಆಂಪ್ ನೆಲದ ಮೇಲಿದೆ, ನೀವು ಅದರ ಮುಂದೆ ಎರಡಡಿ ದೂರದಲ್ಲಿ ನಿಂತಿದ್ದೀರಿ. ಸದ್ದು ನಿಮ್ಮ ಮೊಣಕಾಲಿಗೆ ಹೊಡೀತಿದೆ, ಮೊಣಕಾಲಿಗೆ ಕಿವಿ ಇಲ್ಲ. ನಿಮಗೆ ಮಂಕಾಗಿ ಕೇಳಿಸುತ್ತೆ, ನೀವು ಟ್ರೆಬಲ್ ಏರಿಸ್ತೀರಿ, ವಾಲ್ಯೂಮ್ ಏರಿಸ್ತೀರಿ. ಅಷ್ಟರಲ್ಲಿ ನೇರ ಎದುರಿನ ಟೇಬಲ್‌ನಲ್ಲಿ ಕೂತವರ ಕಿವಿಗೆ ಸೂಜಿ ಚುಚ್ಚಿದ ಹಾಗಾಗಿರುತ್ತೆ.

ಆಂಪ್‌ನ ಗಟ್ಟಿಯಾದ ಕುರ್ಚಿ ಮೇಲೋ, ಸ್ಟ್ಯಾಂಡ್ ಮೇಲೋ ಇಡಿ. ಇಲ್ಲಾಂದ್ರೆ ಹಿಂದಕ್ಕೆ ಸ್ವಲ್ಪ ವಾಲಿಸಿ, ಸದ್ದು ನಿಮ್ಮ ಮುಖಕ್ಕೆ ಬರೋ ಹಾಗೆ ಮಾಡಿ. ಎಷ್ಟೋ ಸಲ ಇಷ್ಟರಲ್ಲೇ "ಆಂಪ್ ಸಾಲ್ತಿಲ್ಲ" ಅನ್ನೋ ಸಮಸ್ಯೆ ಮುಗಿಯುತ್ತೆ.

ಸೌಂಡ್ ಇಂಜಿನಿಯರ್ ಯಾವಾಗ್ಲೂ "ಬ್ರೋ, ಆಂಪ್ ಕಮ್ಮಿ ಮಾಡಿ" ಅನ್ನೋದೂ ಇದಕ್ಕೇ. ಪುಟ್ಟ ಹಾಲ್‌ನಲ್ಲಿ ನಿಮ್ಮ ಆಂಪ್ ಸದ್ದು ನೇರವಾಗಿ ಜನರಿಗೆ ಹೋಗ್ತಾ ಇದ್ರೆ, ಅದರ ಮೇಲೆ ಹಾಡುಗಾರರ ಧ್ವನಿಯನ್ನ ಅವರು ಏರಿಸ್ಬೇಕು. ಏರಿಸ್ತಾ ಹೋದ್ರೆ ಮೈಕ್ ಕೂಯ್ ಅನ್ನೋಕೆ ಶುರು ಮಾಡುತ್ತೆ. ಕೊನೆಗೆ ಜನ ಹೇಳೋದು "ಹಾಡಿನ ಮಾತೇ ಕೇಳಿಸ್ಲಿಲ್ಲ" ಅಂತ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ಲ, ವೇದಿಕೆಯಲ್ಲಿ ಟೋನ್ ನಿಮ್ಮಿಚ್ಛೆ, ವಾಲ್ಯೂಮ್ ಪರರಿಚ್ಛೆ.

ಇನ್ನೊಂದು ವಿಷಯ. ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು ಬಂದಿದ್ದು 2000ದಲ್ಲಿ. ಅದರ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಬಳಸೋ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿ ತನಕ ಸಡಿಲಿಕೆ ಕೊಡೋ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಜೋರು ಬ್ಯಾಂಡ್ ಅಂತ ಹೆಸರು ಬಂದ್ರೆ, ಅಕ್ಕಪಕ್ಕದವರ ದೂರಿಗೆ ಹೆದರೋ ಜಾಗದವರು ಮತ್ತೆ ಕರೆಯೋಕೆ ಯೋಚನೆ ಮಾಡ್ತಾರೆ.

ತೂಕವೂ ಒಂದು ಖರ್ಚು

ಫೆಂಡರ್ ಕಂಪನಿಯ ಎರಡು ಹಳೇ ಮಾದರಿ ತಗೊಳ್ಳೋಣ. ಡೀಲಕ್ಸ್ ರಿವರ್ಬ್ 22 ವ್ಯಾಟ್, 12 ಇಂಚಿನ ಒಂದು ಸ್ಪೀಕರ್, ತೂಕ ಸುಮಾರು 19 ಕಿಲೋ. ಟ್ವಿನ್ ರಿವರ್ಬ್ 85 ವ್ಯಾಟ್, ಎರಡು ಸ್ಪೀಕರ್, ಸುಮಾರು 29 ಕಿಲೋ. ನಮ್ಮಲ್ಲಿ ಬ್ಯಾಕ್‌ಲೈನ್ ಆಗಿ ಸಿಗೋ ರೋಲಂಡ್ ಜೆಸಿ-120 ಕೂಡ 28 ಕಿಲೋ ಆಸುಪಾಸು. 29 ಕಿಲೋ ಅಂದ್ರೆ ಒಂದು ಅಕ್ಕಿ ಮೂಟೆ. ಇದನ್ನ ಮೂರನೇ ಮಹಡಿಯ ಪಬ್‌ಗೆ, ಲಿಫ್ಟ್ ಇಲ್ದಿರೋ ಕಡೆ, ಗಿಟಾರ್ ಮತ್ತು ಪೆಡಲ್ ಬ್ಯಾಗ್ ಜೊತೆ ಹತ್ತಿಸ್ಬೇಕು. ರಾತ್ರಿ ಹನ್ನೊಂದಕ್ಕೆ ಇಳಿಸ್ಬೇಕು.

ಬಿಕಾಂನವರು ಇದಕ್ಕೆ ನಿರ್ವಹಣಾ ವೆಚ್ಚ ಅಂತಾರೆ. ಹಗುರ ಆಂಪ್ ಆದ್ರೆ ಸ್ಕೂಟರ್‌ನ ಫುಟ್‌ಬೋರ್ಡ್ ಮೇಲೆ ಹೇಗೋ ಕೂರುತ್ತೆ. ಭಾರದ್ದಾದ್ರೆ ಪ್ರತಿ ಗಿಗ್‌ಗೂ ಹೋಗ್ತಾ ಬರ್ತಾ ಆಟೋ ಅಥವಾ ಕ್ಯಾಬ್. ಉದಾಹರಣೆಗೆ ಒಂದು ಸಲಕ್ಕೆ ಹೋಗಿ ಬರೋಕೆ 600 ರೂಪಾಯಿ, ತಿಂಗಳಿಗೆ 3 ಗಿಗ್ ಅಂತ ಇಟ್ಕೊಳ್ಳಿ. ವರ್ಷಕ್ಕೆ 21,600 ರೂಪಾಯಿ. ಆಂಪ್‌ನ ಬೆಲೆ ಚೀಟಿಯಲ್ಲಿ ಈ ಅಂಕಿ ಇರಲ್ಲ, ಆದ್ರೆ ಜೇಬಿಂದ ಹೋಗೋದು ನಿಜ.

ಈಗಿನ ಕೆಲವು ಆಂಪ್‌ಗಳಲ್ಲಿ ಈ ಗೋಜಲಿಗೆ ಒಂದು ಉತ್ತರ ಇದೆ. ಬಾಸ್ ಕಂಪನಿಯ ಕಟಾನಾ 50 ಉದಾಹರಣೆ. ಅದರಲ್ಲಿ ಪವರ್‌ನ 50, 25 ಅಥವಾ ಅರ್ಧ ವ್ಯಾಟ್‌ಗೆ ಬದಲಾಯಿಸೋ ಸ್ವಿಚ್ ಇದೆ. ಮನೆಯಲ್ಲಿ ಅರ್ಧ, ಪಬ್‌ನಲ್ಲಿ ಪೂರ್ತಿ. ತೂಕ 12 ಕಿಲೋ ಒಳಗೆ. ಈ ಬಗೆಯ ಆಂಪ್‌ಗಳು ಬೇರೆ ಕಂಪನಿಗಳಲ್ಲೂ ಇವೆ. ನೋಡಬೇಕಾದ್ದು ಎರಡು: ಪವರ್ ಇಳಿಸೋ ಸೌಲಭ್ಯ ಇದ್ಯಾ, ಮತ್ತು ಮೈಕ್ ಇಲ್ದೆ ನೇರ ಮಿಕ್ಸರ್‌ಗೆ ಕೇಬಲ್ ಹಾಕೋ ಲೈನ್ ಔಟ್ ಇದ್ಯಾ. ಪಿಎಯಲ್ಲಿ ಚಾನೆಲ್ ಖಾಲಿ ಇದ್ದು ಮೈಕ್ ಮಾತ್ರ ಸಿಗದ ಕಡೆ ಆ ಲೈನ್ ಔಟ್ ಒಂದೇ ನಿಮ್ಮ 100 ವ್ಯಾಟ್ ಖರ್ಚನ್ನ ಉಳಿಸುತ್ತೆ.

ಆಂಪೇ ಇಲ್ದೆ ಪ್ರೊಸೆಸರ್‌ನಿಂದ ನೇರ ಪಿಎಗೆ ಹೋಗೋರೂ ಈಗ ಜಾಸ್ತಿ. ಒಳ್ಳೆ ಮಾನಿಟರ್ ಇರೋ ವೇದಿಕೆಯಲ್ಲಿ ಅದು ಚೆನ್ನಾಗೇ ನಡೆಯುತ್ತೆ. ಮಾನಿಟರ್ ಸರಿ ಇಲ್ದಿದ್ರೆ ಇಡೀ ರಾತ್ರಿ ಏನು ನುಡಿಸ್ತಿದ್ದೀವಿ ಅಂತ ಕೇಳಿಸಲ್ಲ. ಮೊದಲ ಕೆಲವು ಗಿಗ್‌ಗೆ ನಿಮ್ಮದೇ ಒಂದು ಪುಟ್ಟ ಪೆಟ್ಟಿಗೆ ಬೆನ್ನ ಹಿಂದೆ ಇದ್ರೆ ಧೈರ್ಯ.

ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಡ್ತೀನಿ ಅಂದ್ರೆ ಒಂದು ಎಚ್ಚರಿಕೆ. ಅಲ್ಲಿ ಕರೆಂಟ್ 120 ವೋಲ್ಟ್, ನಮ್ಮಲ್ಲಿ 230. ನೇರ ಹಾಕಿದ್ರೆ ಆಂಪ್ ಸುಟ್ಟೋಗುತ್ತೆ. ವೋಲ್ಟೇಜ್ ಬದಲಾಯಿಸೋ ಸ್ವಿಚ್ ಇದ್ಯಾ ನೋಡಿ, ಇಲ್ಲಾಂದ್ರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆ ಪೆಟ್ಟಿಗೆಯ ತೂಕವೂ ನಿಮ್ಮ ಲೆಕ್ಕಕ್ಕೇ.

ಕಿವಿಗೆ ಇಎಂಐ ಇಲ್ಲ

ಈಗ ವಾಲ್ಯೂಮ್ ವಿಷಯ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯೋಷ್ ಹೇಳೋ ಮಿತಿ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೂ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ.

ಹತ್ತಡಿ ಉದ್ದದ ಕೋಣೆಯಲ್ಲಿ ಡ್ರಮ್ಸ್ ಜೊತೆ ಎರಡು ಗಂಟೆ ಪ್ರಾಕ್ಟೀಸ್ ಮಾಡೋ ಬ್ಯಾಂಡ್ ಈ ಲೆಕ್ಕವನ್ನ ಒಮ್ಮೆ ಹಾಕಿ ನೋಡಬೇಕು. ಕಿವಿಯ ಒಳಗೆ ಸದ್ದನ್ನ ಹಿಡಿಯೋ ಕೂದಲಿನಂಥ ಪುಟ್ಟ ಜೀವಕೋಶಗಳಿವೆ. ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಪ್ರಾಕ್ಟೀಸ್ ಮುಗಿಸಿ ಮನೆಗೆ ಬಂದ ಮೇಲೂ ಕಿವಿಯಲ್ಲಿ ಕುಂಯ್ ಅಂತ ಕೇಳ್ತಾ ಇದ್ರೆ, ಅದು "ಸಖತ್ ಪ್ರಾಕ್ಟೀಸ್" ಅನ್ನೋದರ ಗುರುತಲ್ಲ, ಕಿವಿಗೆ ಏಟು ಬಿದ್ದದ್ದರ ಗುರುತು. ಸಂಗೀತಗಾರರಿಗೆ ಅಂತಲೇ ಇಯರ್ ಪ್ಲಗ್ ಸಿಗುತ್ತೆ. ಆಂಪ್ ಬಜೆಟ್ ಹಾಕುವಾಗ ಅದನ್ನೂ ಸೇರಿಸಿ.

100 ವ್ಯಾಟ್ ಕೇಳಿದ್ದ ಅದೇ ಪೀಟ್ ಟೌನ್‌ಶೆಂಡ್ ತಮ್ಮ ಕಿವಿಯ ತೊಂದರೆ ಬಗ್ಗೆ ಎಷ್ಟೋ ಸಲ ಬಹಿರಂಗವಾಗಿ ಮಾತಾಡಿದ್ದಾರೆ. ಅದಕ್ಕೆ ವೇದಿಕೆಗಿಂತ ಸ್ಟುಡಿಯೋದಲ್ಲಿ ಜೋರಾಗಿ ಹಾಕ್ಕೊಂಡಿದ್ದ ಹೆಡ್‌ಫೋನೇ ಕಾರಣ ಅಂತ ಅವರ ಅನಿಸಿಕೆ. ಶುರುವಲ್ಲಿ ವಾಲ್ಯೂಮ್ ಕಮ್ಮಿ ಮಾಡಿ ಅಂದಿದ್ದು ಇದಕ್ಕೇ.

ಅಂಗಡಿಗೆ ಹೋಗೋ ಮುಂಚೆ

ಮೊದಲು, ಕಳೆದ ಆರು ತಿಂಗಳಲ್ಲಿ ನುಡಿಸಿದ ಗಿಗ್‌ಗಳನ್ನ ಫೋನ್‌ನಲ್ಲಿ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಬರೀರಿ: ಡ್ರಮ್ಸ್ ಇತ್ತಾ, ನನ್ನ ಆಂಪ್‌ಗೆ ಮೈಕ್ ಸಿಕ್ತಾ, ಆಂಪ್ ಅವರೇ ಕೊಟ್ರಾ? ಡ್ರಮ್ಸ್ ಇದ್ದು ಮೈಕ್ ಸಿಗದ ಗಿಗ್ ಎಷ್ಟು ಅಂತ ಎಣಿಸಿ. ಆ ಸಂಖ್ಯೆ ನಿಮ್ಮ ನಿರ್ಧಾರ.

ಎರಡನೇದು, ಹೊಸ ಗಿಗ್ ಒಪ್ಪೋವಾಗ ಆಯೋಜಕರಿಗೆ ಈ ಮೆಸೇಜ್ ಕಳ್ಸಿ: "ಸರ್, ಗಿಟಾರ್ ಆಂಪ್‌ಗೆ ಒಂದು ಮೈಕ್, ಸ್ಟ್ಯಾಂಡ್ ಸಿಗುತ್ತಾ? ಮಿಕ್ಸರ್‌ನಲ್ಲಿ ಚಾನೆಲ್ ಖಾಲಿ ಇದ್ಯಾ? ವೇದಿಕೆಯಲ್ಲಿ ಮಾನಿಟರ್ ಎಷ್ಟಿದೆ? ಅರ್ಥಿಂಗ್ ಇರೋ ಮೂರು ಪಿನ್ ಪಾಯಿಂಟ್ ಇದ್ಯಾ?" ಕೊನೇ ಪ್ರಶ್ನೆ ಬಿಡಬೇಡಿ. ಜನರೇಟರ್‌ನಲ್ಲಿ ನಡೆಯೋ ವೇದಿಕೆಯಲ್ಲಂತೂ ಬಿಡ್ಲೇಬೇಡಿ. ಒಂದು ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ ಇರುವಾಗ ಅರ್ಥಿಂಗ್ ಇಲ್ದಿದ್ರೆ ಜೀವಕ್ಕೇ ಅಪಾಯ. ಆಂಪ್‌ನ ಮೂರನೇ ಪಿನ್ ಮುರಿದು ಹಾಕೋ ಕೆಲಸ ಯಾವತ್ತೂ ಬೇಡ.

ಮೂರನೇದು, ಅಂಗಡಿಯಲ್ಲಿ ನಿಮ್ಮದೇ ಗಿಟಾರ್ ಹಾಕಿ ನುಡಿಸಿ. ವಾಲ್ಯೂಮ್ ಎರಡರಲ್ಲಿಟ್ಟು ಖುಷಿಪಟ್ಟು ಬರಬೇಡಿ. ಗಿಗ್‌ನಲ್ಲಿ ಇಡೋವಷ್ಟು ಏರಿಸೋಕೆ ಅಂಗಡಿಯವರ ಅನುಮತಿ ಕೇಳಿ, ಹತ್ತು ಹೆಜ್ಜೆ ಹಿಂದೆ ಹೋಗಿ ಕೇಳಿ. ಆಮೇಲೆ ಒಂದು ಕೈಯಲ್ಲಿ ಆಂಪ್ ಎತ್ತಿ ಅಂಗಡಿಯ ಬಾಗಿಲ ತನಕ ನಡೆದು ನೋಡಿ.

ಸಾಧ್ಯ ಆದ್ರೆ ನಾಲ್ಕನೇದು: ತಗೊಳ್ಳೋ ಮುಂಚೆ ಒಂದು ಗಿಗ್‌ಗೆ ಆ ಸೈಜಿನ ಆಂಪ್‌ನ ಸ್ನೇಹಿತರಿಂದಲೋ ಬಾಡಿಗೆಗೋ ತಂದು ನುಡಿಸಿ. ಒಂದು ದಿನದ ಬಾಡಿಗೆ ಒಂದು ವರ್ಷದ ಇಎಂಐನ ಉಳಿಸಬಹುದು.

ಮೆಸೇಜ್ ಮಾಡಿದವರಿಗೆ ನನ್ನ ನೇರ ಉತ್ತರ: ನೀವು ಹೇಳಿದ ಗಿಗ್‌ಗಳಿಗೆ 12 ಇಂಚಿನ ಸ್ಪೀಕರ್ ಇರೋ 15ರಿಂದ 22 ವ್ಯಾಟ್ ಟ್ಯೂಬ್, ಇಲ್ಲಾಂದ್ರೆ ಪವರ್ ಇಳಿಸೋ ಸೌಲಭ್ಯ, ಲೈನ್ ಔಟ್ ಎರಡೂ ಇರೋ 50 ವ್ಯಾಟ್ ಮಾಡೆಲಿಂಗ್ ಆಂಪ್. ಪೂರ್ತಿ ಕ್ಲೀನ್ ನುಡಿಸೋ ಬ್ಯಾಂಡ್ ಆಗಿದ್ದು, ಮೈಕ್ ಸಿಗೋದೇ ಅಪರೂಪ ಅಂದ್ರೆ ಮಾತ್ರ ಸಾಲಿಡ್ ಸ್ಟೇಟ್‌ನಲ್ಲಿ 100ರ ಕಡೆ ನೋಡಿ. ಉಳಿದ ದುಡ್ಡಲ್ಲಿ ಒಂದು ಮೈಕ್, ಒಂದು ಪುಟ್ಟ ಮೈಕ್ ಸ್ಟ್ಯಾಂಡ್, ಒಂದು ಆಂಪ್ ಸ್ಟ್ಯಾಂಡ್, ನಾಲ್ಕು ಜನಕ್ಕೂ ಇಯರ್ ಪ್ಲಗ್. ಆಗಲೂ ಸ್ವಲ್ಪ ಉಳಿಯುತ್ತೆ. ಅದನ್ನ ಬ್ಯಾಂಡ್‌ನ ಖಾತೆಯಲ್ಲಿಡಿ, ಮೊದಲ ರೆಕಾರ್ಡಿಂಗ್‌ಗೆ ಬೇಕಾಗುತ್ತೆ.

ಇಲ್ಲಿಗೆ ಈ ಸಂಚಿಕೆ ಮುಗೀತು. ನಿಮ್ಮ ಬ್ಯಾಂಡ್‌ನಲ್ಲಿ "ನಂಗೆ ಕೇಳ್ಸ್ತಿಲ್ಲ" ಅಂತ ಯಾವಾಗ್ಲೂ ವಾಲ್ಯೂಮ್ ಏರಿಸೋ ಒಬ್ಬ ಗಿಟಾರಿಸ್ಟ್ ಇದ್ದೇ ಇರ್ತಾರೆ. ಈ ಲಿಂಕ್ ಅವರಿಗೆ ಕಳ್ಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.